ಮೇ ಆರಂಭದಲ್ಲಿ ಹಂಪ್ತಾ ಪಾಸ್: ಹಿಮಕುಸಿತದ ಅಪಾಯವನ್ನು ಅಂದಾಜು ಮಾಡುವುದು ಹೇಗೆ?

ಪ್ರಶ್ನೆ: ಚಾರಣಪ್ರಿಯ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ಮೇ ತಿಂಗಳ ಮೊದಲ ವಾರದಲ್ಲಿ ನಾವು ನಾಲ್ವರು ಸ್ನೇಹಿತರು ಮನಾಲಿಯ ಕಡೆಯಿಂದ ಹೊರಟು, ಚಿಕಾ ಮತ್ತು ಬಾಲು ಕಾ ಘೇರಾದಲ್ಲಿ ತಂಗಿ, ಸುಮಾರು 4,270 ಮೀಟರ್ ಎತ್ತರದ ಹಂಪ್ತಾ ಪಾಸ್ ದಾಟಿ, ಲಾಹೌಲ್ ಕಡೆಯ ಛತ್ರುವಿಗೆ ಇಳಿಯಬೇಕೆಂದು ಯೋಚಿಸುತ್ತಿದ್ದೇವೆ. ಚಾರಣ ಸಂಸ್ಥೆಗಳು ಈ ದಾರಿಯಲ್ಲಿ ಸಾಮಾನ್ಯವಾಗಿ ಜೂನ್‌ನಿಂದ ಜನರನ್ನು ಕರೆದೊಯ್ಯುತ್ತವೆ ಎಂಬುದು ಗೊತ್ತು. ಆದರೆ ನಮ್ಮಲ್ಲಿ ಇಬ್ಬರು ಶಾಲಾ ಶಿಕ್ಷಕರಾಗಿರುವುದರಿಂದ ಬೇಸಿಗೆ ರಜೆಯೊಳಗೇ ಹೋಗಿ ಬರಬೇಕಾಗಿದೆ. ಹಿಮ ತುಂಬಿದ ಕಣಿವೆಯನ್ನು ಜನಸಂದಣಿಯಿಲ್ಲದೆ ನೋಡಬೇಕೆಂಬ ಆಸೆಯೂ ಇದೆ. ಒಬ್ಬ ಸ್ಥಳೀಯ ಗೈಡ್ ಮತ್ತು ಇಬ್ಬರು ಪೋರ್ಟರ್‌ಗಳನ್ನು ಗೊತ್ತುಮಾಡಿಕೊಳ್ಳುತ್ತೇವೆ. ಕುಮಾರ ಪರ್ವತ, ಕುದುರೆಮುಖಗಳ ಜೊತೆಗೆ ಚಳಿಗಾಲದ ಕೇದಾರಕಂಠವನ್ನೂ ನಾವು ಹತ್ತಿದ್ದೇವೆ. ಮೈಕ್ರೋಸ್ಪೈಕ್ (ಬೂಟಿಗೆ ತೊಡಿಸುವ ಸಣ್ಣ ಮುಳ್ಳುಗಳ ಸರಪಳಿ) ಹಾಕಿಕೊಂಡು ನಡೆದ ಅನುಭವವಿದೆ, ಅದಕ್ಕಿಂತ ಹೆಚ್ಚಿನದು ಇಲ್ಲ.

ಚಳಿಗಾಲದಲ್ಲಿ ಬಿರುಗಾಳಿಯೊಂದಿಗೆ ಹೊಸ ಹಿಮ ಬಿದ್ದಾಗ ಅದು ಕುಸಿಯುತ್ತದೆ ಎಂಬುದು ಅರ್ಥವಾಗುತ್ತದೆ. ಮೇ ತಿಂಗಳಲ್ಲಿ ಆಕಾಶ ತಿಳಿಯಾಗಿದ್ದು, ಹಿಮವೆಲ್ಲ ಹಳೆಯದಾಗಿ ಗಟ್ಟಿಯಾಗಿ ಕುಳಿತಿರುವಾಗ ಅಪಾಯ ಕಡಿಮೆಯಲ್ಲವೇ? ಬೆಳಿಗ್ಗೆ ಬೇಗ ಹೊರಡಬೇಕೆಂದು ಎಲ್ಲರೂ ಹೇಳುತ್ತಾರೆ; ಎಷ್ಟು ಬೇಗ, ಮತ್ತು ಯಾವ ಹೊತ್ತಿನೊಳಗೆ ಹಿಮದ ಇಳಿಜಾರುಗಳಿಂದ ಹೊರಬಂದಿರಬೇಕು? ಪರಿಣತರಲ್ಲದ ನಮ್ಮಂಥವರು ಸ್ಥಳದಲ್ಲೇ ಗುರುತಿಸಬಹುದಾದ ಲಕ್ಷಣಗಳು ಯಾವುವು? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಉತ್ತರ: ದೇವದಾರು, ಮನಾಲಿ

ನಮಸ್ಕಾರ. ನಾನು ಹಾಸನದ ಕಡೆಯವನು. ಕೆಲವು ವರ್ಷಗಳಿಂದ ಮನಾಲಿಯಲ್ಲಿದ್ದು ಚಾರಣ ಮತ್ತು ಸ್ಕೀ ತಂಡಗಳೊಂದಿಗೆ ಕೆಲಸ ಮಾಡುತ್ತಿದ್ದೇನೆ. ನಿಮ್ಮ ಮೊದಲ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಉಳಿದ ಎಲ್ಲವೂ ಅದರ ಮೇಲೆ ನಿಂತಿದೆ. ಮೇ ತಿಂಗಳಲ್ಲಿ ಅಪಾಯ ಕಡಿಮೆಯಾಗುತ್ತದೆ ಎಂದು ಎಣಿಸಬೇಡಿ. ಅದರ ಕಾರಣ ಬದಲಾಗುತ್ತದೆ, ಅಷ್ಟೇ.

ಚಳಿಗಾಲದ ಕುಸಿತಗಳಿಗೆ ಬಹುಮಟ್ಟಿಗೆ ಭಾರವೇ ಕಾರಣ: ದುರ್ಬಲವಾದ ಪದರದ ಮೇಲೆ ಹೊಸ ಹಿಮ ಅಥವಾ ಗಾಳಿ ತಂದು ಪೇರಿಸಿದ ಹಿಮ ಕೂರುತ್ತದೆ, ಆ ಪದರ ತಡೆಯುವ ಮಿತಿ ಮೀರಿದಾಗ ಮೇಲಿನ ಹಿಮವೆಲ್ಲ ಒಂದೇ ಹಲಗೆಯಂತೆ ಒಡೆದು ಜಾರುತ್ತದೆ. ವಸಂತದಲ್ಲಿ ಆ ಕೆಲಸವನ್ನು ನೀರು ಮಾಡುತ್ತದೆ. ಬಿಸಿಲಿಗೆ ಮೇಲ್ಪದರ ಕರಗಿ ನೀರು ಕೆಳಗೆ ಇಳಿಯುತ್ತದೆ, ಹಿಮದ ಕಣಗಳನ್ನು ಒಂದಕ್ಕೊಂದು ಹಿಡಿದಿಟ್ಟಿದ್ದ ಬೆಸುಗೆಯನ್ನು ಸಡಿಲಿಸುತ್ತದೆ, ಒಳಗೆಲ್ಲಾದರೂ ಗಟ್ಟಿಯಾದ ಪದರ ಅಡ್ಡ ಬಂದರೆ ಅದರ ಮೇಲೆ ನಿಂತು ಜಾರುವ ಹಾಸನ್ನು ಮಾಡಿಕೊಡುತ್ತದೆ. ಲಾಹೌಲ್ ಕಡೆಯ ಇಳಿಜಾರುಗಳಲ್ಲಿ ಇನ್ನೊಂದು ತೊಡಕಿದೆ. ಅಲ್ಲಿ ಚಳಿ ಹೆಚ್ಚು, ಹಿಮದ ದಪ್ಪ ಕಡಿಮೆ. ಅಂಥ ಕಡೆ ನೆಲಕ್ಕೆ ತಾಗಿದ ಹಿಮ ಚಳಿಗಾಲದುದ್ದಕ್ಕೂ ರೂಪಾಂತರಗೊಂಡು ಸಕ್ಕರೆಯ ಹರಳುಗಳಂತೆ ಬಿಡಿಬಿಡಿಯಾಗಿರುತ್ತದೆ. ವರ್ಷದ ಮೊದಲ ಬಿಸಿ ಅಲೆಯಲ್ಲಿ ನೀರು ಆ ಆಳಕ್ಕೆ ತಲುಪಿದಾಗ ನೆಲದವರೆಗಿನ ಇಡೀ ಹಿಮವೇ ಕಿತ್ತುಕೊಂಡು ಬರಬಹುದು. ನಾಲ್ಕಾರು ವಾರಗಳ ಕಾಲ ಹಗಲು ಕರಗಿ ರಾತ್ರಿ ಹೆಪ್ಪುಗಟ್ಟಿದ ಮೇಲೆ ಹಿಮ ಸಮರಸವಾಗಿ ಕುಳಿತುಕೊಳ್ಳುತ್ತದೆ ಎಂಬುದು ನಿಜ, ನೀವು ಹೇಳುತ್ತಿರುವುದು ಆ ಹಂತದ ವಿಷಯ. ಮೇ ಮೊದಲ ವಾರದಲ್ಲಿ ನಾಲ್ಕು ಸಾವಿರ ಮೀಟರ್‌ಗೂ ಮೇಲಿನ ಇಳಿಜಾರುಗಳು ಆ ಹಂತ ತಲುಪಿವೆ ಎಂದು ಯಾರೂ ಭರವಸೆ ಕೊಡಲಾರರು. ಇದರ ಜೊತೆಗೆ ಪಶ್ಚಿಮದ ಹವಾಮಾನ ಕ್ಷೋಭೆಗಳು ಏಪ್ರಿಲ್‌ನಲ್ಲೂ, ಒಮ್ಮೊಮ್ಮೆ ಮೇನಲ್ಲೂ ಹೊಸ ಹಿಮ ತರುತ್ತವೆ. ಹೊಸ ಹಿಮ ಬಿದ್ದು ಮರುದಿನ ಪ್ರಖರ ಬಿಸಿಲು ಬಂದರೆ ಕೆಲವೇ ಗಂಟೆಗಳಲ್ಲಿ ಬಂಡೆಗಳ ಬುಡದಿಂದ ಒದ್ದೆ ಹಿಮ ಜಾರತೊಡಗುತ್ತದೆ. ಮೋಡ ಸರಿದು ತಿಳಿಯಾದ ಆ ಮೊದಲ ದಿನ ನೋಡಲು ಬಹಳ ಚೆಂದವಾಗಿರುತ್ತದೆ, ಹೊರಡಲು ಮನಸ್ಸು ತುಡಿಯುತ್ತದೆ. ಶಿಬಿರದಲ್ಲೇ ಇರಬೇಕಾದ ದಿನ ಅದು.

ಆದ್ದರಿಂದ ನೀವು ಪ್ರತಿದಿನ ಬೆಳಗಿನ ಜಾವ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಕಳೆದ ರಾತ್ರಿ ಹಿಮ ಸರಿಯಾಗಿ ಹೆಪ್ಪುಗಟ್ಟಿತೇ? ತಿಳಿಯಾದ ರಾತ್ರಿಯಲ್ಲಿ ಹಿಮದ ಮೇಲ್ಮೈ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಡುವುದರಿಂದ ಗಾಳಿಯ ಉಷ್ಣಾಂಶ ಸೊನ್ನೆಗಿಂತ ಒಂದೆರಡು ಡಿಗ್ರಿ ಮೇಲಿದ್ದರೂ ಅದು ಗಟ್ಟಿಯಾಗಬಲ್ಲದು. ಮೋಡ ಮುಚ್ಚಿದ ರಾತ್ರಿಯಲ್ಲಿ ಆ ಶಾಖ ಹೊರಹೋಗುವುದಿಲ್ಲ. ಚಳಿ ಚೆನ್ನಾಗಿಯೇ ಇತ್ತು ಎಂದು ಟೆಂಟಿನೊಳಗೆ ನಿಮಗೆ ಅನ್ನಿಸಿದರೂ ಹೊರಗೆ ಹಿಮ ಒದ್ದೆಯಾಗಿಯೇ ಉಳಿದಿರಬಹುದು. ರಾತ್ರಿ ಮಳೆ ಬಿದ್ದಿದ್ದರಂತೂ ಚರ್ಚೆಯೇ ಬೇಡ. ಪರೀಕ್ಷಿಸುವುದು ಕಷ್ಟವಲ್ಲ. ಟೆಂಟಿನಿಂದ ಹೊರಬಂದು ಐಸ್ ಆ್ಯಕ್ಸ್‌ನ (ಹಿಮಗೊಡಲಿಯ) ಹಿಡಿಯನ್ನು ಹಿಮಕ್ಕೆ ಚುಚ್ಚಿ ನೋಡಿ, ಬೂಟಿನಿಂದ ಬಲವಾಗಿ ತುಳಿಯಿರಿ. ನಿಮ್ಮ ಪೂರ್ತಿ ಭಾರವನ್ನು ಹೊರುವ ದಪ್ಪನೆಯ ಗಟ್ಟಿ ಪದರವಿದ್ದರೆ ಹೊರಡಬಹುದು. ಮೇಲೆ ತೆಳ್ಳಗೆ ಗಟ್ಟಿಯಾಗಿದ್ದು ತುಳಿದ ಕೂಡಲೇ ಒಡೆದು ಕೆಳಗೆ ಒದ್ದೆ ಹಿಮ ಸಿಕ್ಕಿದರೆ, ಬೆಳಗಿನ ನಾಲ್ಕು ಗಂಟೆಗೆ ಹೊರಟರೂ ಉಪಯೋಗವಿಲ್ಲ. ಬೇಗ ಹೊರಡಿ ಎಂಬ ಸಲಹೆ ಹೆಪ್ಪುಗಟ್ಟಿದ ರಾತ್ರಿಯ ಮರುದಿನಕ್ಕೆ ಮಾತ್ರ ಅನ್ವಯಿಸುತ್ತದೆ.

ಇನ್ನು ನೆಲದ ವಿಷಯ. ಹಲಗೆಯಂತೆ ಒಡೆಯುವ ಕುಸಿತಗಳಲ್ಲಿ ಹೆಚ್ಚಿನವು 30ರಿಂದ 45 ಡಿಗ್ರಿಗಳ ಇಳಿಜಾರಿನಲ್ಲಿ ಆರಂಭವಾಗುತ್ತವೆ. ಮೊಬೈಲ್‌ನಲ್ಲಿ ಕೋನ ಅಳೆಯುವ ಆ್ಯಪ್ ಇರುತ್ತದೆ. ಅದನ್ನು ಊಟದ ತಟ್ಟೆಯ ಪಕ್ಕದಲ್ಲಲ್ಲ, ಚಾರಣಕೋಲನ್ನು ಇಳಿಜಾರಿನ ಮೇಲೆ ಮಲಗಿಸಿ ಅದರ ಮೇಲಿಟ್ಟು ಅಭ್ಯಾಸ ಮಾಡಿಕೊಳ್ಳಿ. ಆದರೆ ನಮ್ಮ ಚಾರಣಿಗರು ಮರೆಯುವ ಸಂಗತಿಯೆಂದರೆ, ಕಾಲಡಿಯ ನೆಲ ಸಮತಟ್ಟಾಗಿದ್ದ ಮಾತ್ರಕ್ಕೆ ಅಪಾಯ ತಪ್ಪಿದಂತಲ್ಲ. ಹಂಪ್ತಾ ದಾರಿ ಬಹುಪಾಲು ರಾಣಿ ನಾಲಾ ಎಂಬ ಹಳ್ಳದ ಕಣಿವೆಯ ತಳದಲ್ಲೇ ಸಾಗುತ್ತದೆ, ಎರಡೂ ಬದಿಯಲ್ಲಿ ಕಡಿದಾದ ಗೋಡೆಗಳು. ನೀವು ಹತ್ತು ಡಿಗ್ರಿಯ ಇಳಿಜಾರಿನಲ್ಲಿ ಚಹಾ ಕುಡಿಯುತ್ತಾ ಕುಳಿತಿರುವಾಗ ನಿಮಗಿಂತ ಅರ್ಧ ಕಿಲೋಮೀಟರ್ ಮೇಲೆ ಬಿಸಿಲು ತಾಗಿದ ಇಳಿಜಾರು ಸಡಿಲಗೊಳ್ಳುತ್ತಿರಬಹುದು. 2023ರ ಏಪ್ರಿಲ್ 4ರಂದು ಸಿಕ್ಕಿಂನಲ್ಲಿ ಗ್ಯಾಂಗ್ಟಕ್‌ನಿಂದ ನಾಥುಲಾಕ್ಕೆ ಹೋಗುವ ರಸ್ತೆಯ ಬಳಿ ಏಳು ಮಂದಿ ಪ್ರವಾಸಿಗರು ಸತ್ತರು. ಅವರು ಶಿಖರ ಹತ್ತಲು ಹೋದವರಲ್ಲ. ರಸ್ತೆಯ ಪಕ್ಕದ ಹಿಮದಲ್ಲಿದ್ದವರು. ಆದ್ದರಿಂದ ತಂಗುವ ಜಾಗವನ್ನೂ, ಊಟಕ್ಕೆ ಕೂರುವ ಜಾಗವನ್ನೂ ಮೇಲೆ ನೋಡಿಯೇ ಆರಿಸಬೇಕು. ಮರಗಳಿಲ್ಲದೆ ನೇರವಾಗಿ ಇಳಿದು ಬಂದ ಪಟ್ಟೆಗಳು, ತುದಿ ಮುರಿದ ಅಥವಾ ಒಂದೇ ಕಡೆಗೆ ಬಾಗಿದ ಭೂರ್ಜ ಮರಗಳು, ಕಣಿವೆಯ ತಳದಲ್ಲಿ ಮಣ್ಣು-ಕಲ್ಲು ಬೆರೆತು ಗುಡ್ಡೆಯಾಗಿ ಬಿದ್ದ ಹಿಮ, ಇವೆಲ್ಲ ಕುಸಿತಗಳು ಪದೇಪದೇ ಬಂದುಹೋಗುವ ಹಾದಿಯ ಗುರುತುಗಳು.

ನಡೆಯುವಾಗ ಕಾಣುವ ಲಕ್ಷಣಗಳು: ಇಳಿಜಾರಿನಿಂದ ಹಿಮದ ಉಂಡೆಗಳು ತಾವಾಗಿಯೇ ಉರುಳಿ ಬರತೊಡಗುವುದು, ಬಂಡೆಗಳ ಸುತ್ತ ನೀರು ಜಿನುಗುವುದು, ಬೂಟು ಹಿಮ್ಮಡಿಯ ಗಂಟಿನವರೆಗೆ ಹೂಳತೊಡಗುವುದು. ಆ ಗಂಟಿನವರೆಗೆ ಹೂತರೆ ಆ ಇಳಿಜಾರಿನಲ್ಲಿ ನಿಮ್ಮ ಸಮಯ ಮುಗಿಯುತ್ತಾ ಬಂದಿದೆ ಎಂದರ್ಥ. ಮೊಣಕಾಲಿನವರೆಗೆ ಹೂಳುತ್ತಿದ್ದರೆ ಆಗಲೇ ತಡವಾಗಿದೆ. ಹೆಜ್ಜೆಯಿಟ್ಟಾಗ ಹಿಮದೊಳಗಿಂದ 'ಧಪ್' ಎಂಬ ಶಬ್ದ ಬಂದು ಸುತ್ತಲ ಹಿಮ ತುಸು ಕುಸಿದಂತೆನಿಸಿದರೆ ಒಳಗಿನ ದುರ್ಬಲ ಪದರ ಮುರಿದಿದೆ ಎಂದು ತಿಳಿದು, ಬಂದ ಹೆಜ್ಜೆಯಲ್ಲೇ ಹಿಂದಿರುಗಬೇಕು.

ಮುಂಜಾನೆಯ ಗಟ್ಟಿ ಹಿಮಕ್ಕೆ ಅದರದೇ ಅಪಾಯವಿದೆ. ಕುಸಿತದಿಂದ ನಿಮ್ಮನ್ನು ಕಾಪಾಡುವ ಆ ಗಡಸುತನವೇ ಕಾಲು ಜಾರಿದರೆ ತಡೆಯಿಲ್ಲದೆ ಕೆಳಗೆ ಎಳೆದೊಯ್ಯುತ್ತದೆ. ಪಾಸ್‌ನಿಂದ ಲಾಹೌಲ್ ಬದಿಯ ಶಿಯಾ ಗೋರು ತಂಗುದಾಣದ ಕಡೆಗಿನ ಇಳಿತ ಕಡಿದಾಗಿದೆ; ಅಲ್ಲಿ ಮೈಕ್ರೋಸ್ಪೈಕ್ ಸಾಲದು. ಕ್ರ್ಯಾಂಪನ್ (ಬೂಟಿಗೆ ಬಿಗಿಯುವ ಉದ್ದ ಲೋಹದ ಮುಳ್ಳುಗಳು) ಮತ್ತು ಐಸ್ ಆ್ಯಕ್ಸ್ ಬೇಕು, ಜಾರಿದಾಗ ಆ್ಯಕ್ಸ್‌ನಿಂದ ದೇಹವನ್ನು ತಡೆದು ನಿಲ್ಲಿಸುವ ಅಭ್ಯಾಸವೂ ಬೇಕು. ಈ ಅಭ್ಯಾಸವಿಲ್ಲದವರು ಹಿಮ ಸ್ವಲ್ಪ ಮೃದುವಾಗಲಿ ಎಂದು ಕಾಯುತ್ತಾರೆ, ಕಾಯುತ್ತಾ ಕುಸಿತದ ಹೊತ್ತಿಗೆ ಇಳಿಜಾರಿನ ನಡುವೆ ಸಿಕ್ಕಿಕೊಳ್ಳುತ್ತಾರೆ. ನಿಮ್ಮ ಯೋಜನೆಯಲ್ಲಿ ನನಗೆ ಅತ್ಯಂತ ಆತಂಕ ತಂದಿರುವುದು ಇದೇ.

ಮತ್ತೊಂದು ಸಂಗತಿ. ಛತ್ರುವಿನ ಮೂಲಕ ಹಾದುಹೋಗುವ ಗ್ರಾಂಫು–ಕಾಜಾ ರಸ್ತೆ ಚಳಿಗಾಲದಲ್ಲಿ ಮುಚ್ಚಿದ್ದು, ಹಿಮ ತೆರವಾದ ಮೇಲಷ್ಟೇ ತೆರೆಯುತ್ತದೆ. ಮೇ ಮೊದಲ ವಾರದಲ್ಲಿ ಛತ್ರುವಿಗೆ ವಾಹನ ಬರುತ್ತದೆ ಎಂದು ನಂಬಿ ಹೊರಡುವಂತಿಲ್ಲ. ಬಾರದಿದ್ದರೆ ಕುಸಿತದ ಹಾದಿಗಳ ಕೆಳಗೇ ಆ ರಸ್ತೆಯುದ್ದಕ್ಕೂ ದಣಿದ ಕಾಲಿನಲ್ಲಿ ನಡೆಯಬೇಕಾಗುತ್ತದೆ, ಇಲ್ಲವೇ ಪಾಸನ್ನು ಮತ್ತೊಮ್ಮೆ ದಾಟಬೇಕಾಗುತ್ತದೆ.

ಉತ್ತರ: ಮಲೆನಾಡಿಗ, ಜೂರಿಕ್

ದೇವದಾರು ಅವರು ಬರೆದಿರುವುದಕ್ಕೆ ಹೊತ್ತಿನ ಬಗ್ಗೆ ಒಂದು ಎಚ್ಚರಿಕೆಯನ್ನು ಸೇರಿಸಬಯಸುತ್ತೇನೆ. ನಾನು ಇಲ್ಲಿ ಆಲ್ಪ್ಸ್‌ನಲ್ಲಿ ವಸಂತದ ಸ್ಕೀ ಪ್ರವಾಸಗಳಿಗೆ ಹೋಗುತ್ತೇನೆ. ಯುರೋಪಿನ ಮಾರ್ಗದರ್ಶಿಗಳು "ಹನ್ನೊಂದರೊಳಗೆ ಇಳಿಜಾರಿನಿಂದ ಹೊರಗಿರಿ" ಎಂಬಂಥ ಮಾತುಗಳನ್ನು ಹೇಳುವುದುಂಟು, ಅವು ಅಂತರಜಾಲದ ಮೂಲಕ ನಮ್ಮ ಚಾರಣಿಗರಿಗೂ ತಲುಪಿವೆ. ಆ ಗಂಟೆಯನ್ನು ಹಾಗೆಯೇ ಹಿಮಾಲಯಕ್ಕೆ ಒಯ್ಯಬಾರದು. ಇಲ್ಲಿ ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ಮೇ ಆರಂಭದಲ್ಲಿ ಸ್ವಿಟ್ಜರ್ಲೆಂಡಿನ ದಾವೋಸ್‌ನ ಸೂರ್ಯ ನೆತ್ತಿಗೆ ಬರುವುದು ಸುಮಾರು ಒಂದು ಗಂಟೆ ಇಪ್ಪತ್ತು ನಿಮಿಷಕ್ಕೆ. ಮನಾಲಿಯಲ್ಲಿ ಅದೇ ಸೂರ್ಯ ಸುಮಾರು ಹನ್ನೆರಡೂ ಇಪ್ಪತ್ತಕ್ಕೇ ನೆತ್ತಿಯ ಮೇಲಿರುತ್ತಾನೆ. ಇಲ್ಲಿನ ಹನ್ನೊಂದು ಎಂದರೆ ಅಲ್ಲಿನ ಹತ್ತು.

ಅಷ್ಟೇ ಅಲ್ಲ. ಮನಾಲಿ ಸುಮಾರು 32 ಡಿಗ್ರಿ ಅಕ್ಷಾಂಶದಲ್ಲಿದೆ, ದಾವೋಸ್ 47ರ ಸಮೀಪದಲ್ಲಿ. ಮೇ ಮೊದಲ ವಾರದ ಮಧ್ಯಾಹ್ನ ದಾವೋಸ್‌ನಲ್ಲಿ ಸೂರ್ಯ ದಿಗಂತದಿಂದ ಅರವತ್ತು ಡಿಗ್ರಿಯಷ್ಟು ಎತ್ತರದಲ್ಲಿದ್ದರೆ, ಮನಾಲಿಯಲ್ಲಿ ಎಪ್ಪತ್ತಮೂರು ಡಿಗ್ರಿಯನ್ನೂ ದಾಟಿರುತ್ತಾನೆ. ಇದರ ಪರಿಣಾಮ ಉತ್ತರಕ್ಕೆ ಮುಖ ಮಾಡಿದ ಇಳಿಜಾರುಗಳ ಮೇಲೆ ಹೆಚ್ಚು. ಅವು ನೆರಳಿನಲ್ಲಿ ತಂಪಾಗಿರುತ್ತವೆ ಎಂದು ನಾವು ಇಲ್ಲಿ ಸಾಕಷ್ಟು ಮಟ್ಟಿಗೆ ನೆಚ್ಚಿಕೊಳ್ಳುತ್ತೇವೆ. ಹಿಮಾಚಲದಲ್ಲಿ ಮೇ ತಿಂಗಳಿನಲ್ಲಿ 35 ಡಿಗ್ರಿಯ ಉತ್ತರಮುಖಿ ಇಳಿಜಾರಿಗೂ ಮಧ್ಯಾಹ್ನ ನೇರ ಬಿಸಿಲು ಧಾರಾಳವಾಗಿಯೇ ಬೀಳುತ್ತದೆ. ಪೂರ್ವಕ್ಕೆ ಮುಖ ಮಾಡಿದವು ಬೆಳಿಗ್ಗೆಯೇ, ನಂತರ ದಕ್ಷಿಣದವು, ಕೊನೆಗೆ ಪಶ್ಚಿಮದವು ಸಡಿಲಗೊಳ್ಳುತ್ತವೆ ಎಂಬ ಕ್ರಮ ಎಲ್ಲೆಡೆ ಒಂದೇ. ನಿಮ್ಮ ದಾರಿಯ ಪ್ರತಿ ತುಣುಕಿಗೂ ಮೇಲಿರುವ ಇಳಿಜಾರು ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬುದನ್ನು ನಕ್ಷೆಯಲ್ಲಿ ಮೊದಲೇ ಗುರುತು ಹಾಕಿಕೊಳ್ಳಿ.

ಇಲ್ಲಿ ದಾವೋಸ್‌ನ ಹಿಮಸಂಶೋಧನಾ ಸಂಸ್ಥೆ ಚಳಿಗಾಲದಲ್ಲಿ ಸಂಜೆ ಐದಕ್ಕೂ ಬೆಳಿಗ್ಗೆ ಎಂಟಕ್ಕೂ ಮುನ್ಸೂಚನೆ ಕೊಡುತ್ತದೆ. ವಸಂತದಲ್ಲಿ ಬೆಳಗಿನ ಅಪಾಯದ ಮಟ್ಟವನ್ನೂ ಮಧ್ಯಾಹ್ನದ ಮಟ್ಟವನ್ನೂ ಬೇರೆಬೇರೆಯಾಗಿ ತೋರಿಸುತ್ತದೆ. ಭಾರತದಲ್ಲಿ ಈ ಕೆಲಸವನ್ನು ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಅಂಗವಾದ, ಚಂಡೀಗಢದ ಡಿಜಿಆರ್‌ಇ ಮಾಡುತ್ತದೆ. ಜಿಲ್ಲೆ, ಎತ್ತರ ಮತ್ತು ಐದು ಹಂತಗಳ ಅಪಾಯ ಸೂಚಿಯೊಂದಿಗೆ ಅದರ ಎಚ್ಚರಿಕೆಗಳು ಬರುತ್ತವೆ, ಜಿಲ್ಲಾಡಳಿತಗಳು ಅವನ್ನು ಪ್ರಕಟಿಸುತ್ತವೆ. ಕುಲ್ಲು ಮತ್ತು ಲಾಹೌಲ್-ಸ್ಪಿತಿ ಎರಡೂ ಜಿಲ್ಲೆಗಳ ಎಚ್ಚರಿಕೆಗಳನ್ನು ನೀವು ಗಮನಿಸಬೇಕು, ಏಕೆಂದರೆ ಪಾಸ್ ದಾಟಿದ ಕೂಡಲೇ ಜಿಲ್ಲೆಯೂ ಬದಲಾಗುತ್ತದೆ, ಹಿಮದ ಗುಣವೂ ಬದಲಾಗುತ್ತದೆ. ಆದರೆ ಇಡೀ ಜಿಲ್ಲೆಗೆ ಕೊಟ್ಟ ಒಂದು ಮಟ್ಟ ನಿಮ್ಮ ಕಣ್ಣೆದುರಿನ ಒಂದು ಇಳಿಜಾರಿನ ಸ್ಥಿತಿಯನ್ನು ಹೇಳಲಾರದು. ಮಟ್ಟ ಕಡಿಮೆಯಿದೆ ಎಂಬ ಕಾರಣಕ್ಕೆ ಬೆಳಗಿನ ಪರೀಕ್ಷೆಯನ್ನು ಬಿಡಬೇಡಿ.

ಉತ್ತರ: ವೈದ್ಯೆ, ಹುಬ್ಬಳ್ಳಿ

ಇಲ್ಲಿ ಇನ್ನೂ ಯಾರೂ ಹೂತುಹೋದವರ ಬಗ್ಗೆ ಬರೆದಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ನಮ್ಮ ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ಯಾರೂ ಮರೆತಿಲ್ಲ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಹಿಮದಡಿ ಸಿಲುಕಿದ ಹತ್ತು ಮಂದಿ ಯೋಧರಲ್ಲಿ ಅವರೊಬ್ಬರೇ ಆರನೆಯ ದಿನ ಜೀವಂತವಾಗಿ ಸಿಕ್ಕರು; ಫೆಬ್ರುವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರ ಧೈರ್ಯಕ್ಕೆ ತಲೆಬಾಗುತ್ತೇನೆ. ಆದರೆ ಆ ಘಟನೆಯಿಂದ ನಮ್ಮ ಭಾಗದ ಚಾರಣಿಗರಲ್ಲಿ ಹಿಮದಡಿ ದಿನಗಟ್ಟಲೆ ಬದುಕಿರಬಹುದು ಎಂಬ ನಂಬಿಕೆ ಬೇರೂರಿರುವುದನ್ನು ಕಂಡಿದ್ದೇನೆ. ಅವರು ಟೆಂಟಿನೊಳಗಿದ್ದರು, ಅಲ್ಲಿ ಉಸಿರಾಟಕ್ಕೆ ಗಾಳಿಯ ಅವಕಾಶ ಉಳಿದಿತ್ತು. 2025ರ ಫೆಬ್ರುವರಿ 28ರಂದು ಉತ್ತರಾಖಂಡದ ಮಾಣಾ ಬಳಿ ಗಡಿ ರಸ್ತೆ ಸಂಸ್ಥೆಯ 54 ಕಾರ್ಮಿಕರು ಸಿಲುಕಿದಾಗ 46 ಮಂದಿ ಬದುಕುಳಿದರು. ಹಲವರು ಉಕ್ಕಿನ ಕಂಟೇನರ್‌ಗಳ ಒಳಗಿದ್ದರು ಎಂಬುದು ಅದಕ್ಕೆ ಮುಖ್ಯ ಕಾರಣ.

ಬಯಲಿನಲ್ಲಿ ನಡೆಯುತ್ತಿದ್ದವರು ಹೂತಾಗ ಲೆಕ್ಕ ನಿಮಿಷಗಳದ್ದು. ಮೊದಲ ಹತ್ತು ನಿಮಿಷದೊಳಗೆ ಹೊರತೆಗೆದರೆ ಬಹುಪಾಲು ಜನ ಉಳಿಯುತ್ತಾರೆ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಹೆಚ್ಚಿನವರು ಉಸಿರುಕಟ್ಟಿ ತೀರಿಕೊಂಡಿರುತ್ತಾರೆ. ವಸಂತದ ಒದ್ದೆ ಹಿಮ ಇನ್ನೂ ನಿರ್ದಯಿ: ಅದು ಭಾರವಾಗಿರುತ್ತದೆ, ಗಾಳಿಯಾಡಲು ಬಿಡುವುದಿಲ್ಲ, ನಿಂತ ಕ್ಷಣವೇ ಬಿಗಿದುಕೊಂಡು ಬೆರಳನ್ನೂ ಅಲುಗಿಸಲಾಗದಂತೆ ಮಾಡುತ್ತದೆ. ಹೆಲಿಕಾಪ್ಟರ್ ಆ ಹೊತ್ತಿನೊಳಗೆ ಬರಲಾರದು. ಕಾಪಾಡುವವರು ಪಕ್ಕದಲ್ಲಿದ್ದ ಸ್ನೇಹಿತರೇ, ಅದೂ ಪ್ರತಿಯೊಬ್ಬರ ಮೈಮೇಲೆ 457 ಕಿಲೋಹರ್ಟ್ಜ್‌ನ ಟ್ರಾನ್ಸೀವರ್ (ಹೂತವರನ್ನು ಪತ್ತೆಹಚ್ಚಲು ರೇಡಿಯೋ ಸಂಕೇತ ಕಳಿಸುವ, ಹಿಡಿಯುವ ಸಾಧನ), ಚೀಲದಲ್ಲಿ ಪ್ರೋಬ್ (ಹಿಮಕ್ಕೆ ಚುಚ್ಚಿ ಹುಡುಕುವ ಉದ್ದ ಕೋಲು) ಮತ್ತು ಲೋಹದ ಸಲಿಕೆ ಇದ್ದರೆ ಮಾತ್ರ. ಪೋರ್ಟರ್‌ಗಳನ್ನೂ ಸೇರಿಸಿ "ಪ್ರತಿಯೊಬ್ಬರ" ಎನ್ನುತ್ತಿದ್ದೇನೆ. ನಮ್ಮ ಸಾಮಾನು ಹೊತ್ತು ನಡೆಯುವವರ ಬಳಿ ಟ್ರಾನ್ಸೀವರ್ ಇಲ್ಲದೆ ನಮ್ಮ ಬಳಿ ಮಾತ್ರ ಇರುವುದು ಸರಿಯಲ್ಲ.

ಹೊರತೆಗೆದವರಿಗೆ ಉಸಿರಿಲ್ಲದಿದ್ದರೆ ಬಾಯಿ-ಮೂಗಿನಲ್ಲಿರುವ ಹಿಮವನ್ನು ತೆಗೆದು ಮೊದಲು ಐದು ಬಾರಿ ಉಸಿರು ಕೊಟ್ಟು, ಆಮೇಲೆ ಎದೆ ಒತ್ತುವುದನ್ನು ಆರಂಭಿಸಿ. ಹೃದಯಾಘಾತಕ್ಕೆ ಕಲಿಸುವಂತೆ ಬರೀ ಎದೆ ಒತ್ತುವುದು ಇಲ್ಲಿ ಸಾಲದು, ಏಕೆಂದರೆ ಇವರ ಹೃದಯ ನಿಂತಿರುವುದು ಆಮ್ಲಜನಕವಿಲ್ಲದೆ.

ಚಾರಣಪ್ರಿಯ, ಶಿವಮೊಗ್ಗ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿಮ್ಮ ಉತ್ತರಗಳನ್ನು ನಾಲ್ವರೂ ಒಟ್ಟಿಗೆ ಕುಳಿತು ಓದಿದೆವು. ಟ್ರಾನ್ಸೀವರ್‌ಗಳಾಗಲಿ, ಐಸ್ ಆ್ಯಕ್ಸ್‌ನ ಅಭ್ಯಾಸವಾಗಲಿ ನಮ್ಮಲ್ಲಿ ಇಲ್ಲದಿರುವುದರಿಂದ ಪಾಸ್ ದಾಟುವ ಯೋಚನೆಯನ್ನು ಕೈಬಿಟ್ಟಿದ್ದೇವೆ. ಚಿಕಾವರೆಗೆ ಹೋಗಿ ಎರಡು ರಾತ್ರಿ ತಂಗಿ ಹಿಂದಿರುಗುವುದು ಈಗಿನ ಆಲೋಚನೆ. ಚಿಕಾದವರೆಗಿನ ದಾರಿಯಲ್ಲೂ ಹಿಮ ತುಂಬಿದ ಓಣಿಗಳನ್ನು ಅಡ್ಡಲಾಗಿ ದಾಟಬೇಕಾಗಿ ಬಂದರೆ ಹೇಗೆ ನಡೆದುಕೊಳ್ಳಬೇಕು? ನಮ್ಮಲ್ಲಿ ಒಬ್ಬರು ಮುಂದೆ ತರಬೇತಿಯನ್ನೂ ಪಡೆಯಬಯಸುತ್ತಾರೆ.

ಉತ್ತರ: ದೇವದಾರು, ಮನಾಲಿ

ಒಳ್ಳೆಯ ನಿರ್ಧಾರ, ಓದಿ ಮನಸ್ಸಿಗೆ ಸಮಾಧಾನವಾಯಿತು. ಓಣಿಯನ್ನು ದಾಟುವ ಮುನ್ನ ಮೇಲೆ ಎಲ್ಲಿಯವರೆಗೆ ಹಿಮವಿದೆ, ಅದರ ಮೇಲೆ ಬಿಸಿಲು ಬಿದ್ದಿದೆಯೇ, ಅಂಚಿನಲ್ಲಿ ಹಿಮದ ಚಾಚು ತೂಗಾಡುತ್ತಿದೆಯೇ ಎಂದು ನೋಡಿ. ಒಬ್ಬೊಬ್ಬರಾಗಿ ದಾಟಿ, ಉಳಿದವರು ಹಾದಿಯಿಂದ ಹೊರಗೆ ನಿಂತು ದಾಟುತ್ತಿರುವವರ ಮೇಲೆ ಕಣ್ಣಿಟ್ಟಿರಬೇಕು, ಕುಸಿತ ಬಂದರೆ ಅವರು ಕೊನೆಯದಾಗಿ ಕಾಣಿಸಿದ ಜಾಗವನ್ನು ನೆನಪಿಡಬೇಕು. ಚೀಲದ ಸೊಂಟದ ಪಟ್ಟಿಯನ್ನು ಬಿಚ್ಚಿಕೊಳ್ಳಿ, ಚಾರಣಕೋಲಿನ ಕುಣಿಕೆಯಿಂದ ಮಣಿಕಟ್ಟನ್ನು ತೆಗೆಯಿರಿ. ಓಣಿಯ ನಡುವೆ ಫೋಟೋಗಾಗಿ ನಿಲ್ಲಬೇಡಿ. ಕೆಳಗೆ ನಾಲಾ ಹರಿಯುತ್ತಿರುವ ಕಡೆ ಹಿಮದ ಸೇತುವೆಗಳು ಒಳಗಿನಿಂದ ಸವೆದಿರುತ್ತವೆ. ಬೆಳಿಗ್ಗೆ ಹೊತ್ತ ಸೇತುವೆ ಮಧ್ಯಾಹ್ನ ನಿಮ್ಮನ್ನು ಹೊರುತ್ತದೆ ಎಂದು ತಿಳಿಯಬೇಡಿ, ಹಿಂದಿರುಗುವ ಹೊತ್ತನ್ನೂ ಬೆಳಿಗ್ಗೆಗೇ ಇಟ್ಟುಕೊಳ್ಳಿ. ಚಿಕಾದಲ್ಲಿ ಟೆಂಟ್ ಹಾಕುವಾಗ ಬಂಡೆಗೋಡೆಯ ಬುಡವನ್ನು ಬಿಟ್ಟು ದೂರ ಸರಿಯಿರಿ. ಒಂದು ದಿನ ಹೆಚ್ಚಿಗೆ ಕೈಯಲ್ಲಿಟ್ಟುಕೊಂಡು ಬನ್ನಿ. ರೈಲಿನ ಟಿಕೆಟ್ ಕಾಯ್ದಿರಿಸಿದೆ ಎಂಬ ಕಾರಣಕ್ಕೆ ಕೆಟ್ಟ ರಾತ್ರಿಯ ಮರುದಿನ ಹೊರಡುವ ತಂಡಗಳನ್ನು ಇಲ್ಲಿ ಪ್ರತಿವರ್ಷ ನೋಡುತ್ತೇವೆ.

ತರಬೇತಿಗೆ ಮನಾಲಿಯ ಅಟಲ್ ಬಿಹಾರಿ ವಾಜಪೇಯಿ ಪರ್ವತಾರೋಹಣ ಸಂಸ್ಥೆ, ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆ, ಡಾರ್ಜಿಲಿಂಗ್‌ನ ಹಿಮಾಲಯನ್ ಪರ್ವತಾರೋಹಣ ಸಂಸ್ಥೆಗಳಲ್ಲಿ ಸುಮಾರು ನಾಲ್ಕು ವಾರಗಳ ಪ್ರಾಥಮಿಕ ಶಿಬಿರಗಳು ನಡೆಯುತ್ತವೆ. ಹಿಮದ ಮೇಲೆ ನಡೆಯುವುದು, ಆ್ಯಕ್ಸ್‌ನಿಂದ ಜಾರಿಕೆ ತಡೆಯುವುದು, ಹಗ್ಗದ ಕೆಲಸ ಎಲ್ಲವನ್ನೂ ಅಲ್ಲಿ ಕಲಿಸುತ್ತಾರೆ. ಸ್ಥಾನಗಳು ಬೇಗ ತುಂಬುವುದರಿಂದ ಮುಂದಿನ ಬೇಸಿಗೆ ರಜೆಗೆ ಸೇರಬೇಕೆಂದಿದ್ದರೆ ನಿಮ್ಮ ಸ್ನೇಹಿತರು ಈ ವರ್ಷವೇ ಅರ್ಜಿ ಹಾಕುವುದು ಒಳ್ಳೆಯದು.